ಪಿನ್ ತೂತು ಸವೆದಿದೆ, ಬೂಮ್ ಬಿರುಕು ಬಿಟ್ಟಿದೆ: ಹಳೆ ಬ್ಯಾಕ್‌ಹೋ ರಿಪೇರಿ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಚನ್ನಗಿರಿ ತಾಲೂಕಿನ ಅಡಿಕೆ ಬೆಳೆಗಾರ. ತೋಟದಲ್ಲಿ ಬಸಿಗಾಲುವೆ ತೆಗೆಯಲು ಗುತ್ತಿಗೆದಾರರೊಬ್ಬರಿಂದ ಹಳೆಯ ಟ್ರ್ಯಾಕ್ಟರ್ ಬ್ಯಾಕ್‌ಹೋ (ಟ್ರ್ಯಾಕ್ಟರಿನ ಹಿಂದೆ ಕೂರಿಸುವ ಅಗೆಯುವ ತೋಳು) ಕೊಂಡೆ. ನನ್ನ 50 ಎಚ್‌ಪಿ ಟ್ರ್ಯಾಕ್ಟರಿಗೆ ಕೂರಿಸಿದ್ದೇನೆ. ಬೂಮ್, ಅಂದರೆ ಆ ತೋಳಿನ ಬುಡದ ಭಾಗ, ಬಾಗಿರುವ ಜಾಗದಲ್ಲಿ ಹಿಂದೆ ಯಾರೋ ಒಂದರ ಮೇಲೊಂದು ಮೂರು ಸಲ ವೆಲ್ಡಿಂಗ್ ಮಾಡಿದ್ದಾರೆ. ಈಗ ಅದರ ಪಕ್ಕದಲ್ಲೇ ಹೊಸ ಬಿರುಕು ಬಂದಿದೆ. ಕೀಲುಗಳ ಪಿನ್ ತೂತುಗಳು ಮೊಟ್ಟೆ ಆಕಾರಕ್ಕೆ ತಿರುಗಿವೆ. ಬಕೆಟ್ ಹಿಡಿದು ಅಲ್ಲಾಡಿಸಿದರೆ ನಾಲ್ಕು ಬೆರಳಷ್ಟು ಆಡುತ್ತೆ. ನಮ್ಮೂರಿನ ವೆಲ್ಡರ್ "ತೂತಿಗೆ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡೋಣ, ಬೂಮಿಗೆ 16 ಎಂಎಂ ಪ್ಲೇಟ್ ಹೊಡೆಯೋಣ" ಅಂತಾರೆ. ಇನ್ನೊಬ್ಬರು ಗುಜರಿಗೆ ಹಾಕು ಅಂತಾರೆ. ಯಾವುದು ಸರಿ?

ಉತ್ತರ: ಎರಡನ್ನೂ ಸದ್ಯಕ್ಕೆ ಬಿಡಿ. ಗುಜರಿಗೆ ಹಾಕುವಷ್ಟು ಕೆಟ್ಟಿದೆಯೋ ಇಲ್ಲವೋ ಎಂಬುದು ಹಳೆ ವೆಲ್ಡಿಂಗ್ ತೆಗೆದು ನೋಡಿದ ಮೇಲಷ್ಟೇ ಗೊತ್ತಾಗುತ್ತದೆ. 16 ಎಂಎಂ ಪ್ಲೇಟ್ ಅಂತೂ ಬೇಡವೇ ಬೇಡ. ನಿಮ್ಮ ಬೂಮಿಗೆ ಕಬ್ಬಿಣ ಕಡಿಮೆಯಾಗಿ ಬಿರುಕು ಬಂದಿಲ್ಲ.

ಮೊದಲು ನೀವು ಬರೆಯದೇ ಬಿಟ್ಟ ಒಂದು ವಿಷಯ. ಬ್ಯಾಕ್‌ಹೋವನ್ನು ಟ್ರ್ಯಾಕ್ಟರಿಗೆ ಹೇಗೆ ಕೂರಿಸಿದ್ದೀರಿ? ಬರೀ ಮೂರು ಪಾಯಿಂಟಿನ ಲಿಂಕೇಜಿಗೆ ಸಿಕ್ಕಿಸಿದ್ದರೆ ಇವತ್ತೇ ಕೆಲಸ ನಿಲ್ಲಿಸಿ. ಮಣ್ಣನ್ನು ಎಳೆಯುವಾಗ ಬರುವ ತಿರುಚುವ ಬಲವೆಲ್ಲ ಟಾಪ್ ಲಿಂಕ್ ಎಂಬ ಮೇಲಿನ ಒಂದೇ ಸರಳಿನ ಮೇಲೆ ಬೀಳುತ್ತದೆ. ಅದು ಮುರಿದರೆ, ಇಲ್ಲವೇ ಅದರ ಪಿನ್ ಕಳಚಿದರೆ, ಇಡೀ ಬ್ಯಾಕ್‌ಹೋ ಮೇಲಕ್ಕೆ ಮಡಚಿಕೊಂಡು ನಡೆಸುವವನನ್ನು ಟ್ರ್ಯಾಕ್ಟರಿಗೆ ಒತ್ತಿಬಿಡುತ್ತದೆ. ಹೀಗೆ ಜನ ಸತ್ತಿದ್ದಾರೆ. ಇನ್ನೊಂದು ತೊಂದರೆಯೂ ಇದೆ. ಟ್ರ್ಯಾಕ್ಟರಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಒಂದಕ್ಕೊಂದು ಬೋಲ್ಟ್ ಆಗಿ ಅದೇ ಚಾಸಿಸ್ ಆಗಿರುತ್ತದೆ. ಅದರಲ್ಲಿ ಬಹುಪಾಲು ಎರಕದ ಕಬ್ಬಿಣ. ಎಳೆದಾಟ ಅದರ ಮೇಲೆ ಬಿದ್ದರೆ ಕ್ಲಚ್ ಹೌಸಿಂಗ್ ಸೀಳುತ್ತದೆ. ಬ್ಯಾಕ್‌ಹೋ ಉಳಿಸಲು ಹೋಗಿ ಟ್ರ್ಯಾಕ್ಟರ್ ಕಳೆದುಕೊಂಡ ಹಾಗಾಗುತ್ತದೆ.

ಹಾಗಾಗಿ ಹಿಂದಿನ ಆಕ್ಸಲ್‌ನಿಂದ ಮುಂದಿನ ಆಕ್ಸಲ್ ಸಪೋರ್ಟ್ ತನಕ ಎರಡೂ ಬದಿ ಹೋಗುವ ಸಬ್‌ಫ್ರೇಮ್ (ಉಕ್ಕಿನ ಚೌಕಟ್ಟು) ಇರಲೇಬೇಕು. ನಿಮ್ಮದರಲ್ಲಿ ಇದ್ದರೆ ಅದರ ಬೋಲ್ಟುಗಳನ್ನು ಒಂದೊಂದಾಗಿ ನೋಡಿ. ತೂತು ಸವೆದಿದೆಯಾ, ಗ್ಯಾಸ್ ಕಟ್ಟರಿನಲ್ಲಿ ಯಾರಾದರೂ ದೊಡ್ಡದು ಮಾಡಿದ್ದಾರಾ ಅಂತ ಪರೀಕ್ಷಿಸಿ. ಸಬ್‌ಫ್ರೇಮ್ ಇಲ್ಲದಿದ್ದರೆ ಮೊದಲ ಖರ್ಚು ಅದೇ. ಬೂಮ್ ಆಮೇಲೆ.

ಈಗ ಬಿರುಕಿಗೆ ಬರೋಣ. ಹಳೆ ವೆಲ್ಡಿಂಗ್ ಒಳಗೆ ಅಲ್ಲ, ಅದರ ಪಕ್ಕದಲ್ಲಿ ಹೊಸ ಬಿರುಕು ಬಂದಿದೆ ಅಂದಿದ್ದೀರಿ. ಈ ಒಂದು ಸಾಲಿನಲ್ಲೇ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಲೋಹ ಒಂದೇ ಸಲ ಜಾಸ್ತಿ ಭಾರ ಬಿದ್ದು ಮುರಿದದ್ದಲ್ಲ ಇದು. ಸಾವಿರಾರು ಸಲ ಸ್ವಲ್ಪ ಸ್ವಲ್ಪ ಬಗ್ಗಿ ದಣಿದು ಸೀಳಿದ್ದು. ಇಂಥ ಬಿರುಕು ಶುರುವಾಗುವುದು ವೆಲ್ಡಿಂಗ್ ಅಂಚಿನಲ್ಲಿ. ಅಲ್ಲಿ ದಪ್ಪ ದಿಢೀರ್ ಅಂತ ಬದಲಾಗುತ್ತದೆ, ಸಣ್ಣ ಗೀರು ಇರುತ್ತದೆ, ಕಾದು ತಣಿದ ಲೋಹ ಗಡುಸಾಗಿರುತ್ತದೆ. ಅದರ ಮೇಲೆ ಮತ್ತೊಂದು ಪದರ ಹಾಕಿದರೆ ಅಂಚು ಅರ್ಧ ಇಂಚು ಆಚೆ ಹೋಗುತ್ತದೆ, ಅಷ್ಟೇ. ಒಳಗಿನ ಮೊದಲ ಬಿರುಕು ಹಾಗೇ ಉಳಿದಿರುತ್ತದೆ. ಹಳೆ ಗೋಣಿಚೀಲಕ್ಕೆ ದಪ್ಪ ತೇಪೆ ಹಾಕಿದರೆ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದಲ್ವಾ? 16 ಎಂಎಂ ಪ್ಲೇಟ್ ಮಾಡುವುದೂ ಅದನ್ನೇ. ಬೂಮಿನ ಸ್ವಂತ ಪ್ಲೇಟ್ 8 ಅಥವಾ 10 ಎಂಎಂ ಇದ್ದರೆ, ಅದಕ್ಕಿಂತ ಗಟ್ಟಿ ತುಂಡು ಎಲ್ಲಿ ಮುಗಿಯುತ್ತದೋ ಅಲ್ಲಿ ಮುಂದಿನ ಬಿರುಕು.

ಇನ್ನರ್ಧ ಕಾಯಿಲೆ ಪಿನ್ನುಗಳಲ್ಲಿದೆ. ಒಂದು ಲೆಕ್ಕ ಹಾಕಿ. ಬೂಮಿನ ಬುಡದಲ್ಲಿ ಎರಡು ತೂತುಗಳ ನಡುವೆ 300 ಎಂಎಂ ಅಂತರ ಇದೆ ಅಂದುಕೊಳ್ಳಿ. ಅಲ್ಲಿ 2 ಎಂಎಂ ಸಡಿಲ ಇದ್ದರೆ 3 ಮೀಟರ್ ದೂರದ ಬಕೆಟ್‌ನಲ್ಲಿ ಅದು 20 ಎಂಎಂ ಆಗುತ್ತದೆ. ಡಿಪ್ಪರ್ (ಬೂಮಿಗೂ ಬಕೆಟ್ಟಿಗೂ ನಡುವಿನ ತೋಳು) ಕೀಲಿನ ಸಡಿಲ, ಬಕೆಟ್ ಕೀಲಿನ ಸಡಿಲ ಸೇರಿದರೆ ನಿಮ್ಮ ನಾಲ್ಕು ಬೆರಳು ಬಂತು. ಪ್ರತಿ ಸಲ ಬೂಮ್ ಪಕ್ಕಕ್ಕೆ ತಿರುಗಿ ನಿಂತಾಗ ಅಷ್ಟು ತೂಕ ಆ ಸಡಿಲದಲ್ಲಿ ಓಡಿ ಹೋಗಿ ಬಡಿಯುತ್ತದೆ. ಬೂಮಿನ ಬಾಗಿದ ಜಾಗಕ್ಕೆ ದಿನವಿಡೀ ಸುತ್ತಿಗೆ ಏಟು. ಪಿನ್ ಬಿಟ್ಟು ಬೂಮ್ ಮಾತ್ರ ಸರಿ ಮಾಡಿದರೆ ಎಷ್ಟೇ ಚಂದದ ವೆಲ್ಡಿಂಗ್ ಆದರೂ ಒಂದೆರಡು ಸೀಸನ್ನಿಗೆ ಮುಗಿಯಿತು.

ಮೂರನೇ ಅನುಮಾನ ಒಂದಿದೆ. ಗುತ್ತಿಗೆದಾರರ ಕೈಯಲ್ಲಿ ಓಡಿದ ಯಂತ್ರ ಅಂದಿರಿ. ಇಂಥವುಗಳಲ್ಲಿ ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವನ್ನು ಬಿಗಿ ಮಾಡಿರುವುದು ಮಾಮೂಲು, "ಪವರ್ ಬರಲಿ" ಅಂತ. 80 ಎಂಎಂ ಬೋರಿನ ಸಿಲಿಂಡರ್ 150 ಬಾರ್ ಒತ್ತಡದಲ್ಲಿ ಸುಮಾರು ಏಳೂವರೆ ಟನ್ ತಳ್ಳುತ್ತದೆ. 200 ಬಾರ್‌ಗೆ ಏರಿಸಿದರೆ ಹತ್ತು ಟನ್. ಬೂಮನ್ನು ಹತ್ತು ಟನ್ನಿಗೆ ಕಟ್ಟಿರುವುದಿಲ್ಲ. ಹೈಡ್ರಾಲಿಕ್ ಅಂಗಡಿಯವರಿಂದ ಪ್ರೆಶರ್ ಗೇಜ್ ಹಾಕಿಸಿ ನೋಡಿ. ತಯಾರಕರು ಹೇಳಿದ ಒತ್ತಡಕ್ಕೆ ತಂದು ಬಿಡಿ. ತಯಾರಕರ ಪ್ಲೇಟ್ ಬಿದ್ದುಹೋಗಿದ್ದರೆ ಪಂಪ್ ಮತ್ತು ವಾಲ್ವ್ ಮೇಲಿನ ಗುರುತು ನೋಡಿ ಹೈಡ್ರಾಲಿಕ್ ಅಂಗಡಿಯವರೇ ಹೇಳಬಲ್ಲರು.

ಕೆಲಸಕ್ಕೆ ಕೈ ಹಾಕುವ ಮೊದಲು ಬೂಮ್ ಮತ್ತು ಬಕೆಟ್ ಎರಡನ್ನೂ ನೆಲಕ್ಕೆ ಇಳಿಸಿ. ಎಂಜಿನ್ ಆರಿಸಿ. ಲಿವರುಗಳನ್ನೆಲ್ಲ ಎರಡೂ ಕಡೆ ಆಡಿಸಿ ಒಳಗಿನ ಒತ್ತಡ ಬಿಡಿಸಿ. ಸಾಧ್ಯವಾದರೆ ಅಟ್ಯಾಚ್‌ಮೆಂಟನ್ನು ಟ್ರ್ಯಾಕ್ಟರಿನಿಂದ ಪೂರ್ತಿ ಬಿಚ್ಚಿ. ಆಗದಿದ್ದರೆ ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ತೆಗೆಯಿರಿ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಎಂಬ ಹೊಗೆ ನಿಯಂತ್ರಣದ ನಿಯಮ ಬಂದ ಮೇಲೆ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಸೇರಿಕೊಂಡಿದೆ. ನಿಮ್ಮದು ಹಳೆಯದಾದರೂ ಈ ಅಭ್ಯಾಸ ಒಳ್ಳೆಯದು. ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ, ಅದೇ ತುಂಡಿನ ಮೇಲೆ ಹಾಕಿಸಿ. ಕ್ಲಾಂಪ್ ಎಲ್ಲೋ ದೂರದಲ್ಲಿದ್ದರೆ ಕರೆಂಟ್ ಪಿನ್, ಬುಷ್ (ಪಿನ್ ಸುತ್ತಲಿನ ಲೋಹದ ಕೊಳವೆ), ಸಿಲಿಂಡರ್ ಮೂಲಕ ಹಾದು ಹೋಗುತ್ತದೆ. ಸಿಲಿಂಡರ್ ರಾಡಿನ ಕ್ರೋಮ್ ಮೇಲೆ ಚುಕ್ಕೆ ಬಿದ್ದರೆ ಸೀಲ್ ನಿಲ್ಲುವುದಿಲ್ಲ. ಸಿಲಿಂಡರುಗಳನ್ನು ಬಿಚ್ಚಿ ಬೇರೆ ಇಡುವುದೇ ಉತ್ತಮ. ಎಣ್ಣೆ ತುಂಬಿ ಎರಡೂ ಬಾಯಿ ಮುಚ್ಚಿರುವ ಸಿಲಿಂಡರಿಗೆ ಯಾವತ್ತೂ ಬೆಂಕಿ ತೋರಿಸಬೇಡಿ. ಬಾಂಬ್ ಅದು.

ಈಗ ಬೂಮ್. ಹಳೆ ವೆಲ್ಡಿಂಗನ್ನು ಪೂರ್ತಿ ತೆಗೆಯಬೇಕು, ಒಳ್ಳೆಯ ಲೋಹ ಕಾಣುವ ತನಕ. ಊರಿನ ವರ್ಕ್‌ಶಾಪಿನಲ್ಲಿ ಇದಕ್ಕೆ ಗ್ರೈಂಡರೇ ಸಾಕು, ತಾಳ್ಮೆ ಬೇಕು ಅಷ್ಟೇ. ಅರ್ಧ ದಿನ ಹೋಗಬಹುದು. ವೆಲ್ಡರುಗಳಿಗೆ ಈ ಭಾಗ ಇಷ್ಟ ಇರುವುದಿಲ್ಲ. ರಾಡಿನ ಲೆಕ್ಕದಲ್ಲಿ ದುಡ್ಡು ಕೊಡುವ ನಮ್ಮ ಪದ್ಧತಿಯಲ್ಲಿ ಗ್ರೈಂಡಿಂಗಿಗೆ ಬೆಲೆಯೇ ಇಲ್ಲ. ಅದಕ್ಕೇ ಒಂದರ ಮೇಲೊಂದು ಮೂರು ಪದರ ಬಂದಿರುವುದು. ನೀವು ದಿನದ ಲೆಕ್ಕದಲ್ಲಿ ಮಾತಾಡಿಕೊಳ್ಳಿ.

ತೆಗೆದ ಮೇಲೆ ಬಿರುಕು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಡೈ ಪೆನೆಟ್ರಂಟ್ ಅಂತ ಮೂರು ಡಬ್ಬಿಗಳ ಸ್ಪ್ರೇ ಸಿಗುತ್ತದೆ. ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಚೊಕ್ಕ ಮಾಡಿ ಕೆಂಪು ಹೊಡೆದು ಸ್ವಲ್ಪ ಹೊತ್ತು ಬಿಡಿ. ಒರೆಸಿ ಬಿಳಿ ಹೊಡೆದರೆ ಕೂದಲಿನಷ್ಟು ಸಣ್ಣ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಉಪಯೋಗ ಆಗುವ ವಸ್ತು ಬೇರೆ ಇಲ್ಲ. ಪಿನ್ ಬಾಸ್‌ಗಳ (ಪಿನ್ ತೂತಿರುವ ದಪ್ಪ ಬಳೆಗಳ) ಸುತ್ತ, ಅಗೆಯುವಾಗ ನೆಲಕ್ಕೆ ಊರುವ ಜಾಕ್ ಕಾಲಿನ ಬುಡದಲ್ಲಿ, ಬೂಮ್ ತಿರುಗುವ ಕಂಬದ ಹತ್ತಿರವೂ ಇದೇ ಸ್ಪ್ರೇ ಹೊಡೆದು ನೋಡಿ.

ಗುಜರಿಯ ತೀರ್ಮಾನ ಇಲ್ಲಿ ಆಗುತ್ತದೆ. ಬಿರುಕು ಬೂಮಿನ ಒಂದೆರಡು ಬದಿಯಲ್ಲಿ ಮಾತ್ರ ಇದ್ದರೆ ರಿಪೇರಿ ಮಾಡಿ. ನಾಲ್ಕೂ ಬದಿ ಸುತ್ತಿಕೊಂಡಿದ್ದರೆ, ಬೂಮ್ ತಿರುಚಿಕೊಂಡಿದ್ದರೆ, ಇಲ್ಲವೇ ಒಳಗಿನಿಂದ ತುಕ್ಕು ತಿಂದು ಪ್ಲೇಟ್ ತೆಳ್ಳಗಾಗಿದ್ದರೆ ಬೂಮನ್ನೇ ಹೊಸದಾಗಿ ಮಾಡಿಸುವುದು ಲಾಭ. ತಿರುಗುವ ಕಂಬದ ಎರಕದ ಭಾಗ ಸೀಳಿದ್ದರೆ ಅದನ್ನು ಊರಲ್ಲಿ ವೆಲ್ಡಿಂಗ್ ಮಾಡಿಸುವ ಆಸೆ ಬಿಡಿ. ಆ ಭಾಗ ಹೊಸದು ಸಿಗದಿದ್ದರೆ, ಸಿಲಿಂಡರ್ ರಾಡುಗಳೂ ಗುಳಿ ಬಿದ್ದಿದ್ದರೆ, ನಿಮ್ಮ ಎರಡನೇ ಸಲಹೆಗಾರರ ಮಾತು ಸರಿ.

ರಿಪೇರಿ ಅಂತ ಆದರೆ, ಬಿರುಕಿನ ಎರಡೂ ತುದಿಗೆ 6 ರಿಂದ 8 ಎಂಎಂ ತೂತು ಕೊರೆಯಿರಿ. ಕೆಂಪು ಗೆರೆ ಮುಗಿದಲ್ಲಿಗೆ ಅಲ್ಲ, ಅದರಿಂದ ತುಸು ಆಚೆ. ಆಮೇಲೆ ಬಿರುಕಿನುದ್ದಕ್ಕೂ ಪ್ಲೇಟಿನ ಪೂರ್ತಿ ದಪ್ಪಕ್ಕೆ ವಿ ಆಕಾರ ತೆಗೆಯಿರಿ. ತಳದಲ್ಲಿ 3 ಎಂಎಂ ಸಂದು ಬಿಡಿ. ಬೂಮ್ ಪೆಟ್ಟಿಗೆ ಆಕಾರದ್ದಾದ್ದರಿಂದ ಒಳಗಿನಿಂದ ವೆಲ್ಡಿಂಗ್ ಆಗುವುದಿಲ್ಲ. ಸಂದಿನ ಹಿಂದೆ 5 ಎಂಎಂ ದಪ್ಪದ ಪಟ್ಟಿ ಕೂರಿಸಿ, ಅದೂ ಸೇರಿ ಕರಗುವ ಹಾಗೆ ಮೊದಲ ಪದರ ಹಾಕಿಸಬೇಕು. ಮೂರು ಸಲ ಸುಟ್ಟ ಲೋಹ ತೀರಾ ಹಾಳಾಗಿದ್ದರೆ ಆ ತುಂಡನ್ನೇ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಮಾಡಿ, ಅದೇ ದಪ್ಪದ ಹೊಸ ತುಂಡು ಕೂರಿಸಿ. ಕತ್ತರಿಸುವ ಮೊದಲು ಬೂಮಿನ ಪಕ್ಕಕ್ಕೆ ಆಂಗಲ್ ಕಬ್ಬಿಣವನ್ನು ಟ್ಯಾಕ್ ಮಾಡಿ (ಚುಕ್ಕೆ ವೆಲ್ಡಿಂಗ್ ಹಾಕಿ) ನೇರಕ್ಕೆ ಹಿಡಿದಿಡಿ. ಇಲ್ಲದಿದ್ದರೆ ಅದು ವೆಲ್ಡಿಂಗ್ ಎಳೆದ ಕಡೆಗೆ ಬಾಗುತ್ತದೆ.

ರಾಡಿನ ವಿಷಯದಲ್ಲಿ ರಾಜಿ ಬೇಡ. ಗೇಟು, ಗ್ರಿಲ್ಲಿಗೆ ಬಳಸುವ 6013 ರಾಡ್ ಇದಕ್ಕೆ ಆಗದು. ಅದು ಚಂದ ಹರಿಯುತ್ತದೆ, ಸ್ಲ್ಯಾಗ್ ಸುಲಭವಾಗಿ ಬರುತ್ತದೆ. ಆದರೆ ದಪ್ಪ ಪ್ಲೇಟಿನಲ್ಲಿ ಆಳಕ್ಕೆ ಇಳಿಯುವುದಿಲ್ಲ. ಬೇಕಾದ್ದು 7018, ಲೋ ಹೈಡ್ರೋಜನ್ ರಾಡ್. ಇದಕ್ಕೆ ತೇವವೇ ಶತ್ರು. ಡಬ್ಬಿ ಒಡೆದು ವಾರಗಟ್ಟಲೆ ಇಟ್ಟ ರಾಡ್ ಗಾಳಿಯ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ಲೋಹದೊಳಗೆ ಸೇರಿ, ವೆಲ್ಡಿಂಗ್ ಮಾಡಿದ ಮರುದಿನ ತಾನಾಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಇದು ಇನ್ನೂ ಜಾಸ್ತಿ. ಇಂಥ ರಾಡನ್ನು 300 ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ, ಒಲೆ ಪಕ್ಕ ಇಟ್ಟರೆ ಸಾಲದು. ವೆಲ್ಡರ್ ಹತ್ತಿರ ಓವನ್ ಇಲ್ಲದಿದ್ದರೆ ಗಾಳಿ ತೆಗೆದು ಸೀಲ್ ಮಾಡಿದ ಸಣ್ಣ ಪ್ಯಾಕೆಟ್ ನೀವೇ ತಂದುಕೊಡಿ. ಒಡೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಲಿ. ಉಳಿದದ್ದು ಗೇಟಿಗೆ ಆಗುತ್ತದೆ.

ಮೆಷಿನ್ನೂ ಕೇಳಿ ನೋಡಿ. ಹಳೆ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್ ಮೆಷಿನ್ ಎಸಿ ಕರೆಂಟ್ ಕೊಡುತ್ತದೆ. ಅದರಲ್ಲಿ 7018 ಸರಿಯಾಗಿ ಹತ್ತದೆ ಅಂಟಿಕೊಳ್ಳುವುದೇ ಹೆಚ್ಚು. ಡಿಸಿ ಕೊಡುವ ಇನ್ವರ್ಟರ್ ಮೆಷಿನ್ ಇರಲಿ, ರಾಡ್ ಪಾಸಿಟಿವ್‌ಗೆ ಇರಲಿ. 3.15 ಎಂಎಂ ರಾಡಿಗೆ 110 ರಿಂದ 130 ಆಂಪಿಯರ್. ಮಾಡುವ ಮೊದಲು ಜಾಗವನ್ನು ಗ್ಯಾಸ್ ಟಾರ್ಚಿನಿಂದ ಕಾಯಿಸಿ. ಬಿರುಕಿನೊಳಗೆ ಹೊಕ್ಕ ಗ್ರೀಸು, ಎಣ್ಣೆ ಹೊಗೆಯಾಗಿ ಹೋಗುವ ತನಕ. ತೆಳು ಪ್ಲೇಟಿಗೆ ಅಷ್ಟೇ ಸಾಕು. ದಪ್ಪ ಬಾಸ್‌ಗಳಿಗೆ 120 ರಿಂದ 150 ಡಿಗ್ರಿ ಬೇಕು. ಅದನ್ನು ನೋಡಲು ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್ ಚಾಕ್ ಸಿಗುತ್ತದೆ. ಪ್ರತಿ ಪದರದ ನಂತರ ಸ್ಲ್ಯಾಗ್ ಪೂರ್ತಿ ಕೆರೆಯಬೇಕು. ಮುಗಿದ ಮೇಲೆ ನೀರು ಸುರಿಯುವ ಕೆಟ್ಟ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ಗೋಣಿಯನ್ನೂ ಹಾಕಬೇಡಿ, ಹೊತ್ತಿಕೊಳ್ಳುತ್ತೆ. ಒಣ ಮರಳು ಮುಚ್ಚಿ ನಿಧಾನವಾಗಿ ತಣಿಯಲು ಬಿಡಿ. ಕೊನೆಗೆ ವೆಲ್ಡಿಂಗಿನ ಉಬ್ಬನ್ನು ಪ್ಲೇಟಿನ ಮಟ್ಟಕ್ಕೆ ಗ್ರೈಂಡ್ ಮಾಡಿಸಿ. ಗ್ರೈಂಡರಿನ ಗೀರುಗಳು ಬೂಮಿನ ಉದ್ದಕ್ಕೆ ಇರಬೇಕು, ಅಡ್ಡಕ್ಕೆ ಅಲ್ಲ. ಅಡ್ಡ ಗೀರೇ ಮುಂದೆ ಬಿರುಕಿನ ದಾರಿ.

ಸಪೋರ್ಟ್ ಪ್ಲೇಟ್ ಹಾಕಲೇಬೇಕು ಅನಿಸಿದರೆ ಬೂಮಿನ ಪಕ್ಕದ ಗೋಡೆಗೆ ಹಾಕಿ. ಬೂಮಿನಷ್ಟೇ ದಪ್ಪ ಸಾಕು. ಎರಡೂ ತುದಿ ಚೂಪಾಗಿ ಕಿರಿದಾಗುತ್ತಾ ಹೋಗಲಿ. ಆ ತುದಿಯಲ್ಲಿ ವೆಲ್ಡಿಂಗ್ ಶುರುವಾಗಬಾರದು, ನಿಲ್ಲಲೂಬಾರದು. ತುದಿಯನ್ನು ಸುತ್ತಿಕೊಂಡು ಮುಂದೆ ಹೋಗಿ ನಿಲ್ಲಲಿ. ಎಡಕ್ಕೂ ಬಲಕ್ಕೂ ಪ್ಲೇಟ್ ಹಾಕಿದರೆ ಎರಡೂ ಒಂದೇ ಗೆರೆಯಲ್ಲಿ ಮುಗಿಯದಂತೆ ಒಂದನ್ನು ಸ್ವಲ್ಪ ಉದ್ದ ಮಾಡಿ. ಬೂಮಿನ ಮೇಲೆ, ಕೆಳಗೆ ಅಡ್ಡಡ್ಡ ವೆಲ್ಡಿಂಗ್ ಎಳೆಯುವುದು ಬೇಡ.

ಇನ್ನು ತೂತುಗಳು. ವೆಲ್ಡಿಂಗ್ ತುಂಬಿ ಕೈಯಲ್ಲಿ ಗ್ರೈಂಡ್ ಮಾಡಿದರೆ ಏನಾಗುತ್ತದೆ ಎಂದರೆ, ಪಿನ್ ಮೂರು ಉಬ್ಬುಗಳ ಮೇಲೆ ನಿಲ್ಲುತ್ತದೆ. ವಾರದಲ್ಲಿ ಉಬ್ಬು ಸವೆದು ಮತ್ತೆ ಆಡುತ್ತದೆ. ಅದಕ್ಕಿಂತ ಕೆಟ್ಟದ್ದು, ಎದುರು ಬದುರಿನ ಎರಡು ತೂತು ಒಂದೇ ನೇರಕ್ಕೆ ಬರುವುದಿಲ್ಲ. ಪಿನ್ನನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕಾಗುತ್ತದೆ. ಸಿಲಿಂಡರ್ ಓರೆಯಾಗಿ ತಳ್ಳಿ ಸೀಲ್ ತಿನ್ನುತ್ತದೆ. ನಿಮ್ಮ ಯಂತ್ರದಲ್ಲಿ ಎಣ್ಣೆ ಸೋರುತ್ತಿದ್ದರೆ ಈ ಕಾರಣವನ್ನೇ ಮೊದಲು ನೋಡಿ.

ಸರಿಯಾದ ದಾರಿ ಲೈನ್ ಬೋರಿಂಗ್. ಒಂದೇ ಉದ್ದನೆಯ ಬಾರ್ ಎರಡೂ ತೂತಿನ ಮೂಲಕ ಹಾದು ಹೋಗಿ ಎರಡನ್ನೂ ಒಂದೇ ಗೆರೆಯಲ್ಲಿ ಕೊರೆಯುತ್ತದೆ. ಸೈಟಿಗೇ ಹೊತ್ತು ತರುವ ಮೆಷಿನ್ ಇರುತ್ತದೆ. ಹಿಟಾಚಿ, ಜೆಸಿಬಿ ರಿಪೇರಿ ಮಾಡುವ ಊರುಗಳಲ್ಲಿ ವಿಚಾರಿಸಿ. ನಿಮಗೆ ಶಿವಮೊಗ್ಗ, ದಾವಣಗೆರೆ ಹತ್ತಿರ. ಬೂಮನ್ನೇ ಬಿಚ್ಚಿ ಟ್ರೇಲರಿನಲ್ಲಿ ಒಯ್ದರೆ ಖರ್ಚು ಇಳಿಯುತ್ತದೆ. 40 ಎಂಎಂ ಪಿನ್ ಇದ್ದರೆ ತೂತನ್ನು 50 ಎಂಎಂಗೆ ಕೊರೆಸಿ 5 ಎಂಎಂ ದಪ್ಪದ ಬುಷ್ ಕೂರಿಸಿ. ಬಾಸ್ ಅನ್ನು 150 ಡಿಗ್ರಿಗೆ ಕಾಯಿಸಿದರೆ ತೂತು ಸುಮಾರು 0.07 ಎಂಎಂ ಹಿಗ್ಗುತ್ತದೆ. ಬುಷ್ ಫ್ರಿಜ್ಜಿನ ಐಸ್ ಡಬ್ಬಿಯಲ್ಲಿ ರಾತ್ರಿಯಿಡೀ ಇದ್ದಿದ್ದರೆ ಅದೂ ಸ್ವಲ್ಪ ಕುಗ್ಗಿರುತ್ತದೆ. ಆಗ ಹೊಡೆಯದೆ ಜಾರುತ್ತದೆ, ತಣಿದ ಮೇಲೆ ಗಟ್ಟಿ ಹಿಡಿಯುತ್ತದೆ. ಬುಷ್ಷನ್ನು ವೆಲ್ಡಿಂಗ್ ಮಾಡಬೇಡಿ. ಮುಂದೆ ಸವೆದಾಗ ಹೊಡೆದು ತೆಗೆದು ಹೊಸದು ಹಾಕಬೇಕಲ್ಲ.

ಕೊರೆಯಲು ಬಾಸಿನಲ್ಲಿ ಲೋಹವೇ ಉಳಿದಿಲ್ಲದಿದ್ದರೆ ಬಾಸ್ ಕತ್ತರಿಸಿ ಹೊಸದು ಕೂರಿಸಬೇಕು. ಸುಲಭವಾಗಿ ವೆಲ್ಡಿಂಗ್ ಆಗುವ ದಪ್ಪ ಗೋಡೆಯ ಸೀಮ್‌ಲೆಸ್ ಪೈಪ್ ತೆಗೆದುಕೊಳ್ಳಿ. ಎರಡೂ ಬಾಸುಗಳ ಮೂಲಕ ಒಂದೇ ನೇರವಾದ ಬ್ರೈಟ್ ಬಾರ್ (ನುಣುಪಾದ ಉಕ್ಕಿನ ಸರಳು) ತೂರಿಸಿ, ನಾಲ್ಕು ಕಡೆ ಟ್ಯಾಕ್ ಮಾಡಿ, ಎದುರು ಬದಿಗೆ ಸರದಿಯಂತೆ ಸ್ವಲ್ಪ ಸ್ವಲ್ಪ ವೆಲ್ಡಿಂಗ್ ಮಾಡಬೇಕು. ಬಾರ್ ಕಚ್ಚಿಕೊಳ್ಳದಂತೆ ಆಗಾಗ ತಿರುಗಿಸುತ್ತಿರಿ. ಪೂರ್ತಿ ತಣಿಯುವ ತನಕ ತೆಗೆಯಬೇಡಿ. ವೆಲ್ಡಿಂಗ್ ತೂತನ್ನು ಕುಗ್ಗಿಸುವುದರಿಂದ ಕೊನೆಯ ಅಳತೆಯ ಬೋರಿಂಗ್ ಯಾವಾಗಲೂ ವೆಲ್ಡಿಂಗ್ ಆದ ಮೇಲೆ.

ಪಿನ್ನಿಗೆ ಸಿಕ್ಕ ಸರಳು ತುಂಡು ಬೇಡ. ಇಎನ್ 8 ಉಕ್ಕು ತಂದು ಟರ್ನಿಂಗ್ ಮಾಡಿಸಿ, ಮೇಲ್ಮೈಗೆ ಇಂಡಕ್ಷನ್ ಹಾರ್ಡನಿಂಗ್ (ಮೇಲ್ಪದರವನ್ನಷ್ಟೇ ಕಾಯಿಸಿ ಗಡುಸು ಮಾಡುವುದು) ಕೊಡಿಸಿ. ಭಾರ ಜಾಸ್ತಿ ಬೀಳುವ ಬೂಮ್ ಬುಡಕ್ಕೆ ಇಎನ್ 19 ಹಾಕಿದರೆ ಇನ್ನೂ ಒಳ್ಳೆಯದು. ಬೇರಿಂಗ್ ಉಕ್ಕಾದ ಇಎನ್ 31ನ್ನು ಪೂರ್ತಿ ಗಡುಸು ಮಾಡಿ ಹಾಕುವವರಿದ್ದಾರೆ. ಅದು ಸವೆಯುವುದಿಲ್ಲ ನಿಜ, ಆದರೆ ಏಟಿಗೆ ಪಟ್ ಅಂತ ಮುರಿಯುತ್ತದೆ. ಪಿನ್ನು, ಬುಷ್ಷಿನ ನಡುವೆ 0.2 ರಿಂದ 0.3 ಎಂಎಂ ಸಡಿಲ ಇರಲಿ. ತೀರಾ ಬಿಗಿ ಇದ್ದರೆ ಗ್ರೀಸಿಗೆ ಜಾಗ ಇರುವುದಿಲ್ಲ. ಬಾಸಿನಲ್ಲಿ ಗ್ರೀಸ್ ನಿಪ್ಪಲ್ ತೂತು ಹಳೆ ವೆಲ್ಡಿಂಗಿನಲ್ಲಿ ಮುಚ್ಚಿಹೋಗಿದೆಯಾ ನೋಡಿ. ನೂರಕ್ಕೆ ತೊಂಬತ್ತು ಪಾಲು ಮುಚ್ಚಿರುತ್ತದೆ. ಮೂಲ ಪಿನ್ ತೂತು ಸವೆಯಲು ಅದೇ ಕಾರಣ ಇದ್ದರೂ ಇರಬಹುದು. ಪಿನ್ ತಿರುಗದಂತೆ ಹಿಡಿಯುವ ಲಾಕ್ ಪಟ್ಟಿಯನ್ನೂ ಮರೆಯಬೇಡಿ. ಬುಷ್ ಪಿನ್ನಿನ ಸುತ್ತ ತಿರುಗಬೇಕು, ಪಿನ್ ಹೊರಗಿನ ಪ್ಲೇಟಿನಲ್ಲಿ ತಿರುಗಬಾರದು.

ಸಿಲಿಂಡರಿನ ಸೀಲ್ ಕಿಟ್ ಕೊನೆಗೆ ಹಾಕಿಸಿ, ಪಿನ್ನುಗಳೆಲ್ಲ ಸರಿಯಾದ ಮೇಲೆ. ರಾಡ್ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ, ಹಾರ್ಡ್ ಕ್ರೋಮ್ ಮಾಡಿಸಬೇಕು. ಸೋರಿಕೆ ಹುಡುಕಲು ಹೋಸ್ ಮೇಲೆ ಕೈಯಾಡಿಸಬೇಡಿ. ಸೂಜಿಯಷ್ಟು ಸಣ್ಣ ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೋವಿಲ್ಲ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ. ಬಕೆಟ್ಟಿನ ಹಲ್ಲು, ಅಂಚು ಸವೆದಿರುವುದನ್ನು ಮುಂದಿನ ಬೇಸಿಗೆಗೆ ಇಡಬಹುದು, ಅದರಿಂದ ಅಪಾಯ ಇಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಿಸಲು ದುಡ್ಡು ಹೊಂದದಿದ್ದರೆ ಸಬ್‌ಫ್ರೇಮ್ ಮತ್ತು ಒತ್ತಡ ಮೊದಲು, ಬೂಮಿನ ಬುಡದ ಪಿನ್ನುಗಳು ಮತ್ತು ಬಿರುಕು ಒಟ್ಟಿಗೆ ಎರಡನೆಯದು. ಡಿಪ್ಪರ್, ಬಕೆಟ್ ಕೀಲುಗಳು ಒಂದು ಸೀಸನ್ ತಡೆಯುತ್ತವೆ. ಬೂಮ್ ಕೆಲಸವನ್ನು ಮಾತ್ರ ಈಗ, ಪಿನ್ ಆಮೇಲೆ ಅನ್ನುವ ಹಾಗಿಲ್ಲ.

ರಿಪೇರಿ ಆದ ಮೇಲೆ ಹತ್ತು ಗಂಟೆ ಮೆದು ಮಣ್ಣಿನಲ್ಲಿ ಮಾತ್ರ ನಡೆಸಿ. ಬೂಮನ್ನು ಮೇಲೆತ್ತಿ ಎಂಜಿನ್ ಆರಿಸಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಹತ್ತು ನಿಮಿಷದಲ್ಲಿ ಎಷ್ಟು ಇಳಿಯುತ್ತದೆ ಅಂತ ಗುರುತು ಹಾಕಿ. ಕಣ್ಣಿಗೆ ಕಾಣುವಂತೆ ಇಳಿದರೆ ಸಿಲಿಂಡರ್ ಇಲ್ಲವೇ ಕಂಟ್ರೋಲ್ ವಾಲ್ವ್ ಒಳಗೆ ಸೋರುತ್ತಿದೆ. ಬೂಮಿನ ಹೊಸ ವೆಲ್ಡಿಂಗಿಗೆ ಪೇಂಟ್ ಆಗಲೇ ಹೊಡೆಯಬೇಡಿ. ಆ ಹತ್ತು ಗಂಟೆ ಆದ ಮೇಲೆ ಉಳಿದ ಡೈ ಸ್ಪ್ರೇಯನ್ನು ಇನ್ನೊಮ್ಮೆ ಹೊಡೆದು ನೋಡಿ. ಕೆಂಪು ಗೆರೆ ಇಲ್ಲದಿದ್ದರೆ ಪೇಂಟ್ ಮಾಡಿ. ಬಸಿಗಾಲುವೆಯ ಕೆಸರಿನಲ್ಲಿ ಬಕೆಟ್ ಪಿನ್ನುಗಳಿಗೆ ದಿನಕ್ಕೆ ಎರಡು ಸಲ ಗ್ರೀಸ್, ಉಳಿದವಕ್ಕೆ ಒಂದು ಸಲ. ಮತ್ತೆ ಬಕೆಟ್ಟನ್ನು ಪಕ್ಕಕ್ಕೆ ಬೀಸಿ ಮಣ್ಣು ಸಮ ಮಾಡುವುದು, ಅಡಿಕೆ ಮರದ ಬೊಡ್ಡೆ ಮೀಟಿ ಕೀಳುವುದು ಬೇಡ. ಬೊಡ್ಡೆಯ ಸುತ್ತ ಮಣ್ಣು ಬಿಡಿಸಿ, ಬೇರು ಕತ್ತರಿಸಿದ ಮೇಲೆ ನೇರಕ್ಕೆ ಎಳೆಯಿರಿ.